ಮರ ನೋಡಿ ಕೊಳ್ಳೋಣ

ಮಡಕೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆರಳಿನಿಂದ ತಟ್ಟಿ ನೋಡುತ್ತೇವೆ. ಟಣ್ ಅಂದರೆ ಚೆನ್ನಾಗಿ ಬೆಂದಿದೆ ಅಂತ ಅರ್ಥ. ಹಲಸಿನ ಹಣ್ಣು ಕೊಳ್ಳುವಾಗ ಮೂಸಿ ನೋಡುತ್ತೇವೆ. ಸೀರೆ ಕೊಳ್ಳುವಾಗ ಸೆರಗು ತಿರುವಿ ನೋಡುತ್ತೇವೆ. ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡದೆ ತರುವುದಿಲ್ಲ.

ಆದರೆ ಮರ ಕೊಳ್ಳುವಾಗ? "ಅದು ಗಂಡಸರ ಕೆಲಸ" ಅಂತ ದೂರ ನಿಲ್ಲುತ್ತೇವೆ. ಮನೆಗೆ ಬಂದ ಹಲಗೆಯನ್ನು ಉಪಯೋಗಿಸುವವರು ಯಾರು? ನಾವೇ. ಚಪಾತಿ ಮಣೆ ನಮ್ಮದು. ಪಾತ್ರೆ ಇಡುವ ಹಲಗೆ ನಮ್ಮದು. ಮಗು ಮಲಗುವ ತೊಟ್ಟಿಲು ನಮ್ಮದು. ಹಾಗಾದರೆ ಮರ ನೋಡುವುದನ್ನೂ ನಾವು ಕಲಿಯಬೇಕು ಅಲ್ಲವೆ?

ನಾವು ಕಲಿತದ್ದು ಹೇಗೆ ಅಂತ ಮೊದಲು ಹೇಳುತ್ತೇವೆ. ಮೋಸ ಹೋಗಿಯೇ ಕಲಿತೆವು.

ನಮ್ಮ ಮೊದಲ ಕಪಾಟು

ನಮ್ಮೂರು ಕಾಫಿ ತೋಟಗಳ ಸೀಮೆಯಲ್ಲಿದೆ. ನಮ್ಮ ಕಲಿಕಾ ಕೇಂದ್ರಕ್ಕೆ ನಾವು 14 ಮಂದಿ ಹೆಂಗಸರು ಹೋಗುತ್ತಿದ್ದೆವು. ಪುಸ್ತಕ ಇಡಲು ಜಾಗ ಇರಲಿಲ್ಲ. ಗೋಣಿ ಚೀಲದಲ್ಲಿ ತುಂಬಿ ಮೂಲೆಗೆ ಇಡುತ್ತಿದ್ದೆವು. ಒಂದು ಕಪಾಟು ಮಾಡಿಸೋಣ ಅಂತ ತೀರ್ಮಾನ ಮಾಡಿದೆವು. ತಲೆಗೆ 100 ರೂಪಾಯಿ ಹಾಕಿದೆವು. 1400 ರೂಪಾಯಿ ಆಯಿತು. ಕೂಲಿಯಲ್ಲಿ ಉಳಿಸಿದ ದುಡ್ಡು ಅದು.

ಆಷಾಢದ ಮಳೆಯಲ್ಲೇ ಒಂದು ಸಾಮಿಲ್ಲಿಗೆ ಹೋದೆವು. "ಒಳ್ಳೆ ಜಾತಿ ಮರ, ಕಣ್ಣು ಮುಚ್ಚಿ ತಗೊಂಡು ಹೋಗಿ" ಅಂದರು. ನಾವು ಹಾಗೇ ಮಾಡಿದೆವು, ಕಣ್ಣು ಮುಚ್ಚಿ ತಂದೆವು! ಅವರು ಒಂದು ಚೀಟಿಯಲ್ಲಿ ಏನೋ ಬರೆದರು. ನಾವು 1400 ರೂಪಾಯಿ ಎಣಿಸಿ ಕೊಟ್ಟೆವು.

ದೀಪಾವಳಿ ಹೊತ್ತಿಗೆ ಹಲಗೆ ಸೊಟ್ಟಗಾಯಿತು. ಕಪಾಟು ಒಂದು ಕಡೆ ವಾಲಿತು. ಸಂಕ್ರಾಂತಿ ಹೊತ್ತಿಗೆ ಪುಸ್ತಕದ ಮೇಲೆ ಬಿಳಿ ಹುಡಿ ಬೀಳತೊಡಗಿತು. ನೋಡಿದರೆ ಹಲಗೆ ತುಂಬ ಸೂಜಿ ಚುಚ್ಚಿದ ಹಾಗೆ ತೂತು. ಕುಟ್ಟೆ ಹಿಡಿದಿತ್ತು. ಯುಗಾದಿಗೆ ಕೆಳಗಿನ ಹಲಗೆಗೆ ಗೆದ್ದಲು ಬಂತು. ಕಪಾಟು ಮಣ್ಣಿನ ನೆಲದ ಮೇಲೇ ನಿಂತಿತ್ತಲ್ಲ!

ಗೆದ್ದಲು ಮೊದಲು ತಿಂದದ್ದು ನಮ್ಮ ಹಾಜರಿ ಪುಸ್ತಕವನ್ನು. ಅದರಲ್ಲಿ ನಮ್ಮ ಮೊದಲ ಸಹಿಗಳು ಇದ್ದವು. ಹೆಬ್ಬೆಟ್ಟು ಬಿಟ್ಟು ನಾವು ಮೊದಲ ಸಲ ಬರೆದ ಹೆಸರುಗಳು. ಅವತ್ತು ನಮ್ಮಲ್ಲಿ ಒಬ್ಬರು ಅತ್ತೇ ಬಿಟ್ಟರು.

ಆಮೇಲೆ ನಾವು ಊರಿನ ಹಿರಿಯ ಬಡಗಿ ಒಬ್ಬರ ಹತ್ತಿರ ಹೋದೆವು. ಅವರು ಹಲಗೆಯನ್ನು ತಿರುಗಿಸಿ ನೋಡಿದರು. "ಇದು ಹಸಿ ಮಾವು ಕಣ್ರಮ್ಮ. ಅದರಲ್ಲೂ ಬರೀ ಬಿಳಿ ಭಾಗ. ಮಾವು ಕೆಟ್ಟ ಮರ ಅಲ್ಲ. ನೀವು ಕೊಂಡದ್ದು ತಪ್ಪು" ಅಂದರು. ಅವರಿಂದ ಕಲಿತದ್ದನ್ನೂ, ಆಮೇಲೆ ಓದಿ ಕೇಳಿ ತಿಳಿದದ್ದನ್ನೂ ಈ ಪಾಠದಲ್ಲಿ ಬರೆದಿದ್ದೇವೆ.

ಮರದ ಒಳಗೆ ಏನಿದೆ?

ಕಡಿದ ಮರದ ತುದಿ ನೋಡಿ. ಎರಡು ಬಣ್ಣ ಕಾಣುತ್ತದೆ. ತೊಗಟೆಯ ಒಳಗೆ ಸುತ್ತಲೂ ಬಿಳಿ ಭಾಗ. ನಡುವೆ ಕಂದು, ಕೆಂಪು ಅಥವಾ ಹಳದಿ ಭಾಗ. ನಡುವಿನ ಗಟ್ಟಿ ಭಾಗಕ್ಕೆ ಚೇಗು ಎನ್ನುತ್ತಾರೆ.

ಬಿಳಿ ಭಾಗದಲ್ಲಿ ಮರದ ನೀರು ಓಡಾಡುತ್ತದೆ. ಅಲ್ಲಿ ಹಿಟ್ಟಿನ ಅಂಶ ಇರುತ್ತದೆ. ನಮ್ಮ ರಾಗಿ ಹಿಟ್ಟಿಗೆ ಹುಳ ಬೀಳುವುದಿಲ್ಲವೆ? ಹಾಗೇ ಈ ಭಾಗಕ್ಕೂ ಹುಳ ಬೀಳುತ್ತದೆ. ಕುಟ್ಟೆ ಹುಳಕ್ಕೆ ಇದೇ ಊಟ.

ಚೇಗಿನಲ್ಲಿ ಹಿಟ್ಟಿನ ಅಂಶ ಇಲ್ಲ. ಮರ ತಾನೇ ಮಾಡಿಕೊಂಡ ಕಹಿ, ಒಗರು ಅಂಶಗಳು ಇರುತ್ತವೆ. ಅದು ಮರದ ಸ್ವಂತ ಔಷಧಿ. ತೇಗ, ಹೊನ್ನೆ, ಹಲಸು, ಬೇವು ಇವುಗಳ ಚೇಗು ಬಹುಕಾಲ ಬಾಳುವುದು ಇದರಿಂದಲೇ. ಆದರೆ ತೇಗದ ಬಿಳಿ ಭಾಗವನ್ನೂ ಹುಳ ತಿನ್ನುತ್ತದೆ. ಆದ್ದರಿಂದ ಮರದ ಹೆಸರು ಕೇಳಿದರೆ ಸಾಲದು. ಹಲಗೆಯಲ್ಲಿ ಚೇಗು ಎಷ್ಟಿದೆ, ಬಿಳಿ ಎಷ್ಟಿದೆ ನೋಡಬೇಕು.

ಔಷಧಿ ಹಾಕಿದ ಮರ ಎಂದರೇನು?

ಬಾಳಿಕೆ ಬಾರದ ಮರಕ್ಕೆ ಕೆಲವರು ರಾಸಾಯನಿಕ ಔಷಧಿ ಹಾಕುತ್ತಾರೆ. ಹುಳ, ಗೆದ್ದಲು, ಬೂಷ್ಟು ಬಾರದ ಹಾಗೆ ಮಾಡುತ್ತಾರೆ. ಬೇಲಿ ಕಂಬ, ನೆಲದಲ್ಲಿ ಹೂಳುವ ಗೂಟ, ಮಳೆಗೆ ನಿಲ್ಲುವ ಮರ ಇವಕ್ಕೆ ಇದು ಬೇಕಾಗುತ್ತದೆ. ರಬ್ಬರ್ ಮರವನ್ನೂ ಕಡಿದ ಕೆಲವೇ ದಿನದಲ್ಲಿ ಔಷಧಿ ಹಾಕದಿದ್ದರೆ ಹುಳ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಔಷಧಿ ಹಾಕಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಎಲ್ಲಿ ಬೇಕೋ ಅಲ್ಲಿ ಇರಲಿ.

ಆದರೆ ಕೆಲವು ಔಷಧಿಗಳು ವಿಷ. ಒಂದು ಔಷಧಿಯಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರುತ್ತದೆ. ಆರ್ಸೆನಿಕ್ ಅಂದರೆ ಪಾಷಾಣದ ಜಾತಿಯ ವಿಷ. ಅಮೆರಿಕದ ಕಂಪನಿಗಳು ಮನೆ ಬಳಕೆಯ ಮರಕ್ಕೆ ಈ ಔಷಧಿ ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದವು. ಹಳೆಯ ರೈಲು ಪಟ್ಟಿಯ ಮರದ ದಿಮ್ಮಿಗಳಿಗೆ ಟಾರಿನಂಥ ಕಪ್ಪು ಎಣ್ಣೆ ಕುಡಿಸಿರುತ್ತಾರೆ. ಅದೂ ಮೈಗೆ ಒಳ್ಳೆಯದಲ್ಲ.

ಹಾಗಾದರೆ ಯಾವುದಕ್ಕೆ ಔಷಧಿ ಇಲ್ಲದ ಮರವೇ ಬೇಕು?
ಚಪಾತಿ ಮಣೆ, ಲಟ್ಟಣಿಗೆ, ತರಕಾರಿ ಹೆಚ್ಚುವ ಹಲಗೆ.
ಅಕ್ಕಿ, ಬೇಳೆ ತುಂಬುವ ಪೆಟ್ಟಿಗೆ.
ಮಗುವಿನ ತೊಟ್ಟಿಲು, ಮಕ್ಕಳ ಆಟಿಕೆ. ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ.
ಉಳಿದ ತುಂಡು ಒಲೆಗೆ ಹೋಗುವಂಥ ಯಾವ ಕೆಲಸವಾದರೂ ಸರಿ.

ಚನ್ನಪಟ್ಟಣದ ಗೊಂಬೆ ನೋಡಿದ್ದೀರಲ್ಲ? ಅದನ್ನು ಹಾಲೆ ಮರದಲ್ಲಿ ಮಾಡುತ್ತಾರೆ. ಬಿಳಿ, ನಯವಾದ ಮರ. ಚೆನ್ನಾಗಿ ಒಣಗಿಸಿ, ಕಡೆದು, ಅರಗಿನ ಬಣ್ಣ ಕೊಡುತ್ತಾರೆ. ಒಣಗಿಸುವುದು ಸರಿಯಾದರೆ ಸಾಮಾನ್ಯ ಮರವೂ ಬಾಳುತ್ತದೆ ಎಂಬುದಕ್ಕೆ ಆ ಗೊಂಬೆಯೇ ಸಾಕ್ಷಿ.

ಔಷಧಿ ಹಾಕಿದ್ದನ್ನು ಗುರುತಿಸುವುದು ಹೇಗೆ? ಮರದ ಮೈಗೆ ಹಸಿರು ಛಾಯೆ ಇದ್ದರೆ ಅನುಮಾನ ಪಡಿ. ಟಾರು, ಫಿನಾಯಿಲು, ಸೀಮೆಎಣ್ಣೆ ವಾಸನೆ ಬಂದರೆ ಅನುಮಾನ ಪಡಿ. ಒಳ್ಳೆಯ ಮರಕ್ಕೆ ಮರದ್ದೇ ವಾಸನೆ ಇರುತ್ತದೆ. ಎಲ್ಲ ಔಷಧಿಗೂ ಬಣ್ಣ, ವಾಸನೆ ಇರುವುದಿಲ್ಲ. ಆದ್ದರಿಂದ ಬಾಯಿ ಬಿಟ್ಟು ಕೇಳಿ. "ಇದಕ್ಕೆ ಔಷಧಿ ಹಾಕಿದ್ದೀರಾ?" ಅಂತ ಕೇಳುವುದರಲ್ಲಿ ನಾಚಿಕೆ ಏನಿದೆ?

ಒಂದು ಮಾತು ಮರೆಯಬೇಡಿ. ಔಷಧಿ ಹಾಕಿದ ಮರ, ಬಣ್ಣ ಬಳಿದ ಮರ ಇವನ್ನು ಒಲೆಗೆ ಹಾಕಬೇಡಿ. ನೀರೊಲೆಗೂ ಬೇಡ. ಹೊಗೆಯಲ್ಲಿ ವಿಷ ಏಳುತ್ತದೆ. ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಏನಾದೀತು ಯೋಚಿಸಿ.

ಹಸಿ ಮರ, ಒಣ ಮರ

ಕಡಿದ ಮರದ ತುಂಬ ನೀರಿರುತ್ತದೆ. ಒಣಗಿದ ಹಾಗೆ ಮರ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ತೀರ ಕಡಿಮೆ. ಅಗಲದಲ್ಲಿ ಹೆಚ್ಚು ಕುಗ್ಗುತ್ತದೆ. ಒಂದೊಂದು ಕಡೆ ಒಂದೊಂದು ಥರ ಕುಗ್ಗುವುದರಿಂದ ಹಲಗೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಹಪ್ಪಳ ಬಿಸಿಲಿಗೆ ಮುರುಟಿಕೊಳ್ಳುವುದನ್ನು ನೆನಪು ಮಾಡಿಕೊಳ್ಳಿ. ಹಸಿ ಹಲಗೆಯಲ್ಲಿ ಕಪಾಟು ಮಾಡಿದರೆ, ಕಪಾಟು ಆದ ಮೇಲೆ ಅದು ಮುರುಟುತ್ತದೆ. ನಮಗೆ ಆದದ್ದು ಇದೇ.

ಒಣಗಿದೆಯೋ ಇಲ್ಲವೋ ನೋಡುವ ಬಗೆ:

ಎತ್ತಿ ನೋಡಿ. ಒಂದೇ ಜಾತಿಯ, ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಹಗುರ ಇರುವುದು ಒಣಗಿದ್ದು.
ತಟ್ಟಿ ನೋಡಿ. ಒಣ ಹಲಗೆ ಟಣ್ ಅನ್ನುತ್ತದೆ. ಹಸಿ ಹಲಗೆ ದಪ್ ಅನ್ನುತ್ತದೆ. ಮಡಕೆಯ ಹಾಗೆಯೇ.
ಕೆನ್ನೆಗೆ ಒತ್ತಿ ನೋಡಿ. ಹಸಿ ಮರ ತಣ್ಣಗೆ ಇರುತ್ತದೆ.
ಗರಗಸದ ಹುಡಿ ಹಿಡಿದು ನೋಡಿ. ಹಸಿ ಮರದ ಹುಡಿ ಮುದ್ದೆಯಾಗುತ್ತದೆ. ಒಣ ಮರದ ಹುಡಿ ಬೆರಳ ಸಂದಿಯಲ್ಲಿ ಸೋರುತ್ತದೆ.

ಹಸಿ ಮರ ಅಗ್ಗ. ಕಾಯಲು ಸಮಯ ಇದ್ದರೆ ಅದನ್ನೇ ಕೊಂಡು ಮನೆಯಲ್ಲಿ ಒಣಗಿಸಬಹುದು. ಹೇಗೆ ಅಂತ ಮುಂದೆ ಹೇಳುತ್ತೇವೆ.

ಯಾವ ಕೆಲಸಕ್ಕೆ ಯಾವ ಮರ?

ತೇಗ, ಬೀಟೆ ಬೆಲೆ ನಮ್ಮ ಕೈಗೆ ಸಿಗುವುದಿಲ್ಲ. ನಮಗೆ ಅದು ಬೇಕಾಗಿಯೂ ಇಲ್ಲ. ಅಕ್ಕಪಕ್ಕದಲ್ಲೇ ಬೆಳೆಯುವ ಮರಗಳು ಸಾಕು. ದೂರದಿಂದ ಬಂದ ಮರಕ್ಕೆ ಲಾರಿ ಬಾಡಿಗೆಯೂ ಸೇರುತ್ತದೆ.

ಸಿಲ್ವರ್ ಓಕ್: ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುತ್ತಾರೆ. ಮೂಲ ಆಸ್ಟ್ರೇಲಿಯಾ. ಹಗುರ, ಕೊಯ್ಯಲು ಸುಲಭ, ಬೆಲೆ ಕಡಿಮೆ. ಹತ್ತರಿ ಹೊಡೆದರೆ ಮೈಮೇಲೆ ಬೆಳ್ಳಿಯಂಥ ಚುಕ್ಕಿ ಹೊಳೆಯುತ್ತದೆ. ಮನೆ ಒಳಗಿನ ಶೆಲ್ಫು, ಪೆಟ್ಟಿಗೆಗೆ ಆಗುತ್ತದೆ. ನೆಲ ಮುಟ್ಟಿದರೆ, ಮಳೆಗೆ ನೆನೆದರೆ ಬೇಗ ಹಾಳು. ಇದರ ಹುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ. ಕೆಲಸ ಮಾಡುವಾಗ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಹಲಸು: ನಮ್ಮ ಹಿತ್ತಲಿನ ಬಂಗಾರ. ಚೇಗು ಮೊದಲು ಹಳದಿ, ಹಳತಾದಂತೆ ಕಂದು. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ವೀಣೆಯ ಕೊಡವನ್ನೂ ಇದರಲ್ಲೇ ಮಾಡುತ್ತಾರೆ. ಮಣೆ, ಬಾಗಿಲು, ಸ್ಟೂಲು, ತೊಟ್ಟಿಲು ಎಲ್ಲಕ್ಕೂ ಒಳ್ಳೆಯದು. ಬೆಲೆ ಸಿಲ್ವರ್ ಓಕ್‌ಗಿಂತ ಹೆಚ್ಚು.

ಬೇವು: ಬಯಲು ಸೀಮೆಯವರಿಗೆ ಸುಲಭ. ಬಟ್ಟೆ ಪೆಟ್ಟಿಗೆ, ಬಾಗಿಲು, ಕಿಟಕಿಗೆ ಆಗುತ್ತದೆ. ಚೇಗಿಗೆ ಹುಳದ ಕಾಟ ಕಡಿಮೆ.

ಮಾವು: ಅಗ್ಗ. ಚೆನ್ನಾಗಿ ಒಣಗಿಸಿದರೆ ಒಳಗಿನ ಕೆಲಸಕ್ಕೆ ಆಗುತ್ತದೆ. ಒಣಗಿಸದಿದ್ದರೆ ಕುಟ್ಟೆ ಖಂಡಿತ. ನಮ್ಮ ಮೊದಲ ಕಪಾಟನ್ನು ನೆನಪಿಡಿ.

ಹುಣಸೆ, ಕರಿಜಾಲಿ: ಬಲು ಗಟ್ಟಿ. ಮಾಂಸದಂಗಡಿಯ ಕೊರಡು ಹುಣಸೆಯದು. ಗಾಡಿಯ ಚಕ್ರ, ನೇಗಿಲಿಗೆ ಜಾಲಿ. ಕೊಡಲಿ ಕಾವು, ಒರಳಿನ ಒನಕೆಯಂಥ ಪೆಟ್ಟು ತಿನ್ನುವ ಕೆಲಸಕ್ಕೆ ಇಂಥ ಮರ ಬೇಕು. ಆದರೆ ಕೊಯ್ಯುವುದು ಕಷ್ಟ. ಹೊಸದಾಗಿ ಕಲಿಯುವವರಿಗೆ ಬೇಡ.

ಅಕೇಶಿಯಾ: ಮಲೆನಾಡು, ಕರಾವಳಿಯಲ್ಲಿ ಬೇಕಾದಷ್ಟಿದೆ. ಬಣ್ಣ ಚೆಂದ, ಗಟ್ಟಿ. ಒಣಗುವಾಗ ಡೊಂಕಾಗುವ, ಸೀಳುವ ಗುಣ ಇದೆ. ಪೂರ್ತಿ ಒಣಗಿದ್ದನ್ನೇ ಕೊಳ್ಳಿ.

ನೀಲಗಿರಿ: ಅಗ್ಗ, ಆದರೆ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಚಪ್ಪರ, ಗಳು, ದನದ ಕೊಟ್ಟಿಗೆಗೆ ಸರಿ. ಕಪಾಟಿಗೆ ಬೇಡ.

ಹಳೆ ಮರ, ಪೆಟ್ಟಿಗೆ ಮರ

ಹಳೆ ಮನೆ ಕೆಡವಿದಾಗ ಸಿಗುವ ತೊಲೆ, ಹಲಗೆ ಒಳ್ಳೆಯವು. ಐವತ್ತು ಅರವತ್ತು ವರ್ಷ ಒಣಗಿರುತ್ತವೆ. ಇನ್ನು ಸೊಟ್ಟಗಾಗುವ ಭಯ ಕಡಿಮೆ. ಆದರೆ ಮೂರು ವಿಷಯ ನೋಡಿ. ಒಂದು, ಒಳಗೆ ಮೊಳೆ ಉಳಿದಿದೆಯೆ? ಎರಡು, ಕುಟ್ಟೆಯ ಹೊಸ ಹುಡಿ ಬೀಳುತ್ತಿದೆಯೆ? ಮೂರು, ಹಳೆ ಬಣ್ಣ ಇದೆಯೆ? ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ತುಂಬ ಕೆಟ್ಟದ್ದು. ಬಣ್ಣದ ಮರ ಬಿಟ್ಟು ಬರೀ ಮರ ಆರಿಸಿ.

ಯಂತ್ರಗಳು ಬರುವ ಪೆಟ್ಟಿಗೆಯ ಮರ ಪಟ್ಟಣಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೊರದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ. ಎಚ್.ಟಿ. ಅಂತ ಇದ್ದರೆ ಬಿಸಿ ಕೊಟ್ಟು ಹುಳ ಕೊಂದಿದ್ದಾರೆ ಅಂತ ಅರ್ಥ. ಎಂ.ಬಿ. ಅಂತ ಇದ್ದರೆ ವಿಷದ ಹೊಗೆ ಕೊಟ್ಟಿದ್ದಾರೆ ಅಂತ ಅರ್ಥ. ಎಂ.ಬಿ. ಮರ ಬೇಡ. ಎಚ್.ಟಿ. ಇದ್ದರೂ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಬೇಡ. ಇಂಗ್ಲಿಷ್ ಬಾರದಿದ್ದರೂ ಈ ನಾಲ್ಕು ಅಕ್ಷರ ಕಲಿಯಬಹುದು. ಕೇಂದ್ರದ ಶಿಕ್ಷಕಿಯಿಂದ ಹಲಗೆಯ ಮೇಲೆ ಬರೆಸಿಕೊಳ್ಳಿ.

ಅಳತೆ ಮತ್ತು ಲೆಕ್ಕ

ಮರವನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ದಪ್ಪ ಇದ್ದರೆ ಅದು ಒಂದು ಘನ ಅಡಿ. ಹಲಗೆಯ ಅಗಲ, ದಪ್ಪವನ್ನು ಅಂಗುಲದಲ್ಲಿ ಅಳೆಯುತ್ತೇವೆ. ಒಂದು ಅಡಿಗೆ 12 ಅಂಗುಲ. 12ನ್ನು 12ರಿಂದ ಗುಣಿಸಿದರೆ 144. ಆದ್ದರಿಂದ ಲೆಕ್ಕ ಹೀಗೆ:

ಉದ್ದ (ಅಡಿ) × ಅಗಲ (ಅಂಗುಲ) × ದಪ್ಪ (ಅಂಗುಲ) ÷ 144 = ಘನ ಅಡಿ

ನಮ್ಮ ಕಪಾಟಿನ ಲೆಕ್ಕ ನೋಡಿ.
ಪಕ್ಕದ ಹಲಗೆ 2. ಒಂದೊಂದು 6 ಅಡಿ. ಒಟ್ಟು 12 ಅಡಿ.
ಅಡ್ಡ ಹಲಗೆ 4. ಒಂದೊಂದು 3 ಅಡಿ. ಒಟ್ಟು 12 ಅಡಿ.
ಎಲ್ಲ ಸೇರಿ ಉದ್ದ 24 ಅಡಿ. ಅಗಲ 9 ಅಂಗುಲ. ದಪ್ಪ 1 ಅಂಗುಲ.
24 × 9 × 1 = 216.
216 ÷ 144 = 1.5. ಅಂದರೆ ಒಂದೂವರೆ ಘನ ಅಡಿ.

ಭಾಗಾಕಾರ ಕಲಿತ ಮೇಲೆ ನಾವು ಹಳೆಯ ಚೀಟಿ ಹುಡುಕಿ ತೆಗೆದೆವು. ಅದರಲ್ಲಿ 2 ಘನ ಅಡಿ ಅಂತ ಬರೆದಿತ್ತು. ದರ 700 ರೂಪಾಯಿ. ಕೊಡಬೇಕಾದದ್ದು 1050 ರೂಪಾಯಿ. ನಾವು ಕೊಟ್ಟದ್ದು 1400 ರೂಪಾಯಿ. 350 ರೂಪಾಯಿ ಹೋಗಿತ್ತು! ಚೀಟಿ ನಮ್ಮ ಕೈಯಲ್ಲೇ ಇತ್ತು. ಓದಲು ಬಾರದೆ ಮಡಚಿ ಇಟ್ಟುಕೊಂಡಿದ್ದೆವು.

ಇನ್ನೊಂದು ಎಚ್ಚರ. ಒಂದು ಅಂಗುಲ ದಪ್ಪ ಅಂತ ಹೇಳಿ ಮುಕ್ಕಾಲು ಅಂಗುಲದ ಹಲಗೆ ಕೊಡುವುದುಂಟು. ಟೇಪು ಜೊತೆಗೆ ಒಯ್ಯಿರಿ. ಎರಡು ತುದಿಯಲ್ಲೂ, ನಡುವೆಯೂ ಅಳೆಯಿರಿ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮ ಸ್ವಂತ ಜಾಗದ ಮರ ಕಡಿಯಲೂ ಸಾಮಾನ್ಯವಾಗಿ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವು ಮರ ಕಡಿಯಲು ವಿನಾಯಿತಿ ಇದೆ. ಸಾಗಿಸಲು ಬೇರೆ ನಿಯಮ ಇರುತ್ತದೆ. ಗಾಳಿಗೆ ಬಿದ್ದ ಮರವನ್ನು ಸಾಮಿಲ್ಲಿಗೆ ಒಯ್ಯುವ ಮೊದಲೂ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯನ್ನು ನಾವೇ ಬರೆಯಬಹುದು. ಅಗ್ಗಕ್ಕೆ ಸಿಗುತ್ತದೆ ಅಂತ ಕಳ್ಳ ಮರ ಕೊಂಡರೆ ಮಾರಿದವರ ಜೊತೆ ಕೊಂಡವರಿಗೂ ತೊಂದರೆ. ಬಿಲ್ಲು ಕೇಳಿ ಪಡೆಯಿರಿ.

ಎರಡನೇ ಸಲ ಸಾಮಿಲ್ಲಿನಲ್ಲಿ

ಮುಂದಿನ ವರ್ಷ ಮತ್ತೆ ದುಡ್ಡು ಕೂಡಿಸಿದೆವು. ಈ ಸಲ ಬೇಸಿಗೆಯಲ್ಲಿ, ಬೇರೆ ಸಾಮಿಲ್ಲಿಗೆ ಹೋದೆವು. ನಮ್ಮ ಕೈಯಲ್ಲಿ ಟೇಪು, ನೋಟ್‌ಬುಕ್ಕು, ಪೆನ್ನು ಇದ್ದವು. ಅಲ್ಲಿ ನಡೆದ ಮಾತು ಹೀಗಿತ್ತು.

"ಏನಮ್ಮ, ಏನು ಬೇಕಿತ್ತು?"
"ಸಿಲ್ವರ್ ಓಕ್ ಹಲಗೆ ಬೇಕಣ್ಣ. ಪುಸ್ತಕದ ಕಪಾಟಿಗೆ."
"ಇಲ್ಲಿದೆ ನೋಡಿ. ಒಳ್ಳೆ ಮಾಲು."
"ಕೊಯ್ದು ಎಷ್ಟು ದಿನ ಆಯ್ತು?"
"ಹದಿನೈದು ದಿನ ಆಗಿರಬಹುದು."
"ಹಾಗಾದ್ರೆ ಇದು ಹಸಿ. ತಟ್ಟಿದ್ರೆ ದಪ್ ಅನ್ನುತ್ತೆ. ಒಣಗಿದ್ದು ಇಲ್ವಾ?"
"ಹಿಂದೆ ಶೆಡ್ಡಿನಲ್ಲಿ ಇದೆ. ನಾಲ್ಕು ತಿಂಗಳಾಗಿದೆ. ಅದಕ್ಕೆ ದರ ಸ್ವಲ್ಪ ಹೆಚ್ಚು."
"ಆಗಲಿ, ಅದನ್ನೇ ತೋರಿಸಿ. ಔಷಧಿ ಏನಾದ್ರೂ ಹೊಡೆದಿದ್ದೀರಾ?"
"ಇಲ್ಲಮ್ಮ, ಬರೀ ಮರ."
"ನಾವೇ ಆರಿಸಿಕೊಳ್ತೀವಿ. ಗಂಟು ಉದುರೋ ಹಾಗಿರೋದು ಬೇಡ. ತುದಿ ಸೀಳಿರೋದು ಬೇಡ."

ನಾವು ಒಂದೊಂದು ಹಲಗೆಯನ್ನೂ ಎತ್ತಿ, ತುದಿಯಿಂದ ಕಣ್ಣು ಹಾಯಿಸಿ ನೋಡಿದೆವು. ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣು ಮುಚ್ಚುತ್ತೇವಲ್ಲ, ಹಾಗೆ. ಡೊಂಕಿದ್ದರೆ ತಕ್ಷಣ ಕಾಣುತ್ತದೆ. ಅಳೆದೆವು. ಬರೆದೆವು. ಗುಣಿಸಿ ಭಾಗಿಸಿದೆವು.

"ಒಂದೂವರೆ ಘನ ಅಡಿ ಆಯ್ತಣ್ಣ. ನಿಮ್ಮ ಲೆಕ್ಕ ಎಷ್ಟು?"
ಅವರು ತಮ್ಮ ಪುಸ್ತಕ ನೋಡಿದರು. ನಮ್ಮ ನೋಟ್‌ಬುಕ್ಕು ನೋಡಿದರು.
"ಸರಿಯಾಗಿದೆ ಕಣ್ರಮ್ಮ. ಎಲ್ಲಿ ಕಲಿತ್ರಿ?"
"ನಮ್ಮ ಕೇಂದ್ರದಲ್ಲಿ."

ಬಿಲ್ಲು ಬರೆದು ಕೊಟ್ಟರು. ನಾವು ಅಲ್ಲೇ ನಿಂತು ಓದಿದೆವು. ಆಮೇಲೆ ದುಡ್ಡು ಕೊಟ್ಟೆವು.

ಮನೆಗೆ ತಂದ ಮೇಲೆ

ಹಸಿ ಹಲಗೆ ತಂದರೆ ಹೀಗೆ ಒಣಗಿಸಿ. ಬಿಸಿಲಿಗೆ ಇಡಬೇಡಿ, ಸೀಳುತ್ತದೆ. ಗಾಳಿಯಾಡುವ ನೆರಳಿನಲ್ಲಿ ಇಡಿ. ನೆಲದಿಂದ ಒಂದು ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ. ಅದರ ಮೇಲೆ ಹಲಗೆ ಇಡಿ. ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪು ಇಡಿ. ಒಂದು ರೀಪಿನ ಮೇಲೆ ಇನ್ನೊಂದು ರೀಪು ನೇರಕ್ಕೆ ಬರಬೇಕು. ಮೇಲೆ ಭಾರದ ಕಲ್ಲು ಹೇರಿ. ತುದಿಗಳಿಗೆ ಮೇಣ, ಹಳೆ ಬಣ್ಣ ಅಥವಾ ಸೆಗಣಿ ಬಳಿಯಿರಿ. ನೀರು ತುದಿಯಿಂದ ಬೇಗ ಹೋಗುತ್ತದೆ, ಬಳಿದರೆ ತುದಿ ಸೀಳುವುದು ಕಡಿಮೆ.

ಒಂದು ಅಂಗುಲ ದಪ್ಪದ ಹಗುರ ಮರಕ್ಕೆ ಎರಡು ಮೂರು ತಿಂಗಳಾದರೂ ಬೇಕು. ಗಟ್ಟಿ ಮರಕ್ಕೆ ಆರು ತಿಂಗಳು, ಕೆಲವು ಸಲ ವರ್ಷ. ಒಣಗಿದ್ದು ಗೊತ್ತಾಗುವುದು ಹೇಗೆ? ಒಂದು ಹಲಗೆಗೆ ಗುರುತು ಹಾಕಿ. ಹದಿನೈದು ದಿನಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ತೂಕ ಇಳಿಯುತ್ತಾ ಹೋಗುತ್ತದೆ. ಇಳಿಯುವುದು ನಿಂತರೆ ಒಣಗಿತು ಅಂತ ತಿಳಿಯಿರಿ. ಮಳೆಗಾಲದಲ್ಲಿ ತೂಕ ಸ್ವಲ್ಪ ಏರಬಹುದು. ಗಾಳಿಯ ತೇವವನ್ನು ಮರ ಕುಡಿಯುತ್ತದೆ.

ವಿಷದ ಔಷಧಿ ಇಲ್ಲದೆ ಮರ ಕಾಪಾಡುವುದು ಹೇಗೆ? ಮರ ಒಣಗಿರಲಿ. ನೆಲ, ಗೋಡೆ ಮುಟ್ಟದಿರಲಿ. ಗಾಳಿ ಆಡಲಿ. ಒಣಗಿದ ಮೇಲೆ ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ. ಚಪಾತಿ ಮಣೆಗೆ ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆ ಸಾಕು. ಕರಾವಳಿಯಲ್ಲಿ ಮರಕ್ಕೆ ಗೇರು ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ಅದು ಗೆದ್ದಲು ತಡೆಯುತ್ತದೆ, ಆದರೆ ಚರ್ಮ ಸುಡುತ್ತದೆ. ಮಾಡಿನ ಮರಕ್ಕೆ ಸರಿ, ಅಡುಗೆ ಸಾಮಾನಿಗೆ, ತೊಟ್ಟಿಲಿಗೆ ಬೇಡ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಕೇಂದ್ರ ಸರಕಾರದ್ದು. ಮರದ ಜಾತಿ, ಬಾಳಿಕೆ, ಒಣಗಿಸುವ ಕ್ರಮ ಇವುಗಳ ಬಗ್ಗೆಯೇ ಅಲ್ಲಿ ಅಧ್ಯಯನ ನಡೆಯುತ್ತದೆ. ನಾವು ತಟ್ಟಿ, ಎತ್ತಿ ನೋಡುವುದನ್ನೇ ಅವರು ಯಂತ್ರದಿಂದ ಅಳೆಯುತ್ತಾರೆ.

ನಮ್ಮ ಎರಡನೇ ಕಪಾಟು

ಈ ಸಲ ಗರಗಸ ಹಿಡಿದದ್ದು ನಾವೇ. ಬಡಗಿಯವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಮೊದಲ ಹಲಗೆ ಸ್ವಲ್ಪ ಓರೆಯಾಯಿತು. ನಾಲ್ಕನೆಯದು ನೇರ ಬಂತು. ಕಪಾಟಿನ ಕೆಳಗೆ ನಾಲ್ಕು ಕಲ್ಲು ಇಟ್ಟೆವು. ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದೆವು. ಎರಡು ಮಳೆಗಾಲ ಕಳೆದಿದೆ. ಕಪಾಟು ನೆಟ್ಟಗೆ ನಿಂತಿದೆ. ತಿಂಗಳಿಗೊಮ್ಮೆ ಅಡಿಯಲ್ಲಿ ಕೈ ಹಾಕಿ ನೋಡುತ್ತೇವೆ, ಹುಡಿ ಬಿದ್ದಿದೆಯಾ ಅಂತ.

ಮೇಲಿನ ಹಲಗೆಯಲ್ಲಿ ಹೊಸ ಹಾಜರಿ ಪುಸ್ತಕ ಇದೆ. ಅದರ ಮೊದಲ ಪುಟದಲ್ಲಿ ನಮ್ಮ 14 ಹೆಸರುಗಳನ್ನು ಮತ್ತೆ ಬರೆದಿದ್ದೇವೆ. ಈ ಸಲ ಅಕ್ಷರ ಮೊದಲಿಗಿಂತ ದುಂಡಗಿದೆ.

ನೆನಪಿಡೋಣ

1. ಹೆಸರು ಕೇಳಿ ಕೊಳ್ಳಬೇಡಿ. ಚೇಗು ನೋಡಿ ಕೊಳ್ಳಿ.
2. ಎತ್ತಿ, ತಟ್ಟಿ, ಮೂಸಿ, ಅಳೆದು ನೋಡಿ.
3. ಅಡುಗೆ ಸಾಮಾನು, ತೊಟ್ಟಿಲು, ಆಟಿಕೆಗೆ ಔಷಧಿ ಇಲ್ಲದ ಮರ.
4. ಔಷಧಿ ಹಾಕಿದ ಮರ, ಬಣ್ಣದ ಮರ ಒಲೆಗೆ ಬೇಡ.
5. ಲೆಕ್ಕ ನಾವೇ ಮಾಡೋಣ. ಬಿಲ್ಲು ಓದಿ ದುಡ್ಡು ಕೊಡೋಣ.

ಹೊಸ ಪದಗಳು

ಚೇಗು: ಮರದ ನಡುವಿನ ಗಟ್ಟಿ ಭಾಗ
ಕುಟ್ಟೆ: ಮರ ಕೊರೆದು ಹುಡಿ ಮಾಡುವ ಹುಳ
ಹತ್ತರಿ: ಮರವನ್ನು ಹೆರೆದು ನಯ ಮಾಡುವ ಉಪಕರಣ
ರೀಪು: ಮರದ ತೆಳು ಪಟ್ಟಿ
ಘನ ಅಡಿ: ಮರ ಅಳೆಯುವ ಲೆಕ್ಕ

ಉತ್ತರ ಬರೆಯಿರಿ

1. ನಮ್ಮ ಮೊದಲ ಕಪಾಟು ಯಾಕೆ ಹಾಳಾಯಿತು? ಮೂರು ಕಾರಣ ಬರೆಯಿರಿ.
2. ಕುಟ್ಟೆ ಹುಳ ಮರದ ಯಾವ ಭಾಗ ತಿನ್ನುತ್ತದೆ? ಯಾಕೆ?
3. ನಿಮ್ಮ ಊರಿನಲ್ಲಿ ಯಾವ ಮರಗಳು ಸಿಗುತ್ತವೆ? ಒಂದೊಂದರಿಂದ ಏನು ಮಾಡುತ್ತಾರೆ? ಹಿರಿಯರನ್ನು ಕೇಳಿ ಬರೆಯಿರಿ.

ಲೆಕ್ಕ ಮಾಡಿ

6 ಅಡಿ ಉದ್ದ, 8 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ 2 ಹಲಗೆ ಬೇಕು. ಎಷ್ಟು ಘನ ಅಡಿ? ಘನ ಅಡಿಗೆ 800 ರೂಪಾಯಿ ಆದರೆ ಎಷ್ಟು ದುಡ್ಡು ಕೊಡಬೇಕು?

(ಉತ್ತರ: 1 ಘನ ಅಡಿ. 800 ರೂಪಾಯಿ.)

ಮಾಡಿ ನೋಡಿ

ನಿಮ್ಮ ಮನೆಯ ಒಂದು ಮಣೆ ಅಥವಾ ಹಲಗೆ ತೆಗೆದುಕೊಳ್ಳಿ. ಅದರ ಉದ್ದ, ಅಗಲ, ದಪ್ಪ ಅಳೆಯಿರಿ. ಚೇಗು ಎಲ್ಲಿದೆ, ಬಿಳಿ ಭಾಗ ಎಲ್ಲಿದೆ ಗುರುತಿಸಿ. ನಾಳೆ ಕೇಂದ್ರಕ್ಕೆ ಬರೆದು ತನ್ನಿ. ಎಲ್ಲರೂ ಕೂತು ಓದೋಣ.